ಗಾರ್ಡ್ ರಾಯರ ನಾಲ್ಕು ನಿಮಿಷ

ಮನೆ ನೋಡಲು ಹೋದವರು ಮನೆಯನ್ನು ನೋಡುತ್ತಾರೆ. ಗಾರ್ಡ್ ಶೇಷಗಿರಿರಾಯರು ಮಾತ್ರ ಹೊಸ್ತಿಲಿಗೆ ಬೆನ್ನು ಹಾಕಿ ನಿಂತು ಗಡಿಯಾರ ನೋಡುತ್ತಿದ್ದರು. ಮನೆಯ ಯಜಮಾನ ಬೀಗದ ಕೈ ಹಿಡಿದುಕೊಂಡು ಬಾವಿಯ ನೀರು ಎಷ್ಟು ಸಿಹಿ, ಕಿಟಕಿಯಲ್ಲಿ ಗಾಳಿ ಹೇಗೆ ಬರುತ್ತದೆ ಎಂದು ವರ್ಣಿಸುತ್ತಿದ್ದಂತೆ ರಾಯರು ಕೋಟಿನ ಜೇಬಿನಿಂದ ಸರಪಳಿಯ ಗಡಿಯಾರ ತೆಗೆದು, ಒಮ್ಮೆ ಕಿವಿಗೆ ಹಿಡಿದು, ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬೀದಿಗಿಳಿದು ನಡೆದೇ ಬಿಡುತ್ತಿದ್ದರು. ಯಜಮಾನ ಬಾಯಿ ತೆರೆದುಕೊಂಡು ನಿಲ್ಲುತ್ತಿದ್ದ. ನಾನು ಅವನಿಗೆ ಕೈ ಮುಗಿದು ರಾಯರ ಹಿಂದೆ ಹೋಗುತ್ತಿದ್ದೆ. ನಮ್ಮ ಮೆರವಣಿಗೆ ಮಾಂಬಲಂ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನಲ್ಲಿ, ರಾಯರ ಮಾಮೂಲು ಬೆಂಚಿನ ಮುಂದೆ ಮುಗಿಯುತ್ತಿತ್ತು. ಅಲ್ಲಿ ಕೂತು, ಇನ್ನೊಮ್ಮೆ ಗಡಿಯಾರ ನೋಡಿ ಅವರು ತೀರ್ಪು ಹೇಳುತ್ತಿದ್ದರು.

"ಒಂಬತ್ತು ನಿಮಿಷ. ಬೇಡ."

ಮೂವತ್ತಮೂರು ವರ್ಷ ರೈಲ್ವೆಯಲ್ಲಿ ಗಾರ್ಡಾಗಿದ್ದು ನಿವೃತ್ತರಾದವರು ಅವರು. ಮುತ್ತಜ್ಜನ ಕಾಲಕ್ಕೇ ಮದರಾಸಿಗೆ ಬಂದು ನೆಲೆಸಿದ ಮಾಧ್ವ ಮನೆತನ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ರೈಲಿನಲ್ಲಿ ಇಂಗ್ಲಿಷು ಎಂದು ಮೂರನ್ನೂ ಬೇರೆ ಬೇರೆ ಇಟ್ಟುಕೊಂಡಿದ್ದೇನೆ ಎಂದು ಅವರು ನಂಬಿದ್ದರು. ಕೇಳುವವರಿಗೆ ಮೂರೂ ಒಂದೇ ಪಾತ್ರೆಯಲ್ಲಿ ಬೆಂದಂತಿರುತ್ತಿತ್ತು. ನಿವೃತ್ತಿಯಾಗಿ ಮೂರು ವರ್ಷವಾದರೂ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಆ ಬೆಂಚು ಬಿಡುತ್ತಿರಲಿಲ್ಲ. ಬರುವ ಹೋಗುವ ಎಲೆಕ್ಟ್ರಿಕ್ ರೈಲುಗಳಿಗೆಲ್ಲ ಗಡಿಯಾರ ನೋಡುವುದು, ಸಮಯಕ್ಕೆ ಬಂದರೆ ತಲೆ ಆಡಿಸುವುದು, ತಡವಾದರೆ ಮುಖ ಆಚೆ ತಿರುಗಿಸುವುದು. ಅವರ ಮುಖ ತಿರುಗಿತೆಂದರೆ ಡ್ಯೂಟಿಯಲ್ಲಿದ್ದ ಗಾರ್ಡುಗಳಿಗೂ ಒಂದಿಷ್ಟು ಕಸಿವಿಸಿಯಾಗುತ್ತಿತ್ತು ಎಂದು ಕೇಳಿದ್ದೇನೆ. ಅವರಲ್ಲಿ ಅರ್ಧಕ್ಕರ್ಧ ಇವರ ಕೈಕೆಳಗೆ ಕೆಲಸ ಕಲಿತವರು.

ನಾನು ಅವರ ಕೈಗೆ ಸಿಕ್ಕಿದ್ದು ಐವತ್ತರ ದಶಕದ ನಡುವೆ. ಆಗ ನಮ್ಮ ಕುಂದಾಪುರ ಕೂಡ ಮದರಾಸು ರಾಜ್ಯದಲ್ಲೇ ಇತ್ತು. ಹದಿಮೂರು ವರ್ಷ ಮೇಷ್ಟ್ರಾಗಿದ್ದು, ಖಾಸಗಿಯಾಗಿ ಓದಿ ಬಿ.ಎ. ಮುಗಿಸಿ, ಮೂವತ್ತೇಳನೆಯ ವಯಸ್ಸಿನಲ್ಲಿ ವಕೀಲನಾಗುತ್ತೇನೆಂದು ನಾನು ಮದರಾಸಿಗೆ ಹೊರಟಿದ್ದೆ. ಹೆಂಡತಿ ಮಕ್ಕಳನ್ನು ಊರಿನಲ್ಲೇ ಬಿಟ್ಟಿದ್ದೆ. ಹಾಸ್ಟೆಲಿನವರು ನನ್ನ ಅರ್ಜಿ ನೋಡಿ, ಆಮೇಲೆ ನನ್ನ ಕಿವಿಯ ಮೇಲಿನ ಬಿಳಿ ಕೂದಲು ನೋಡಿ, ಮಗನನ್ನು ಸೇರಿಸಲು ಬಂದಿದ್ದೀರಾ ಎಂದು ಕೇಳಿದರು. ನಾನೇ ವಿದ್ಯಾರ್ಥಿ ಎಂದಾಗ ವಯಸ್ಸು ಮೀರಿದೆ ಎಂದು ಕಾಗದ ವಾಪಸು ಕೊಟ್ಟರು. ಕೊನೆಗೆ ಪೂಂದಮಲ್ಲಿಯಲ್ಲಿದ್ದ ಸೋದರಮಾವನ ಮಗನ ಮನೆ ಗತಿಯಾಯಿತು. ಅಲ್ಲಿಂದ ಬಸ್ಸು ಹಿಡಿದು ಸಮುದ್ರದ ದಿಕ್ಕಿನಲ್ಲಿದ್ದ ಕಾಲೇಜು ತಲುಪುವುದೆಂದರೆ ಒಂದು ಸಣ್ಣ ಯಾತ್ರೆ. ಮೊದಲ ಪಾಠದ ಪ್ರೊಫೆಸರು ಗಂಟೆ ಹೊಡೆದ ಕ್ಷಣಕ್ಕೆ ಹಾಜರಿ ಪುಸ್ತಕ ಮುಚ್ಚುತ್ತಿದ್ದರು. ಒಂದು ತಿಂಗಳಲ್ಲಿ ಹನ್ನೊಂದು ದಿನ ನಾನು ಗೈರುಹಾಜರು. ಹೀಗೇ ನಡೆದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಚೇರಿಯಿಂದ ಚೀಟಿ ಬಂತು. ಹದಿಮೂರು ವರ್ಷ ಮಕ್ಕಳ ಹಾಜರಿ ಕರೆದವನಿಗೆ ಇದಕ್ಕಿಂತ ಅವಮಾನ ಬೇರೆ ಬೇಕಿರಲಿಲ್ಲ. ರೈಲಿನ ಹತ್ತಿರ ಒಂದು ಕೋಣೆ ಸಿಗದಿದ್ದರೆ ಬಿಟ್ಟ ಕೆಲಸವೂ ಇಲ್ಲ, ಹಿಡಿದ ಓದೂ ಇಲ್ಲ ಎಂಬ ಸ್ಥಿತಿ.

ಮಾಂಬಲಂ ಸ್ಟೇಷನ್ನಿನಲ್ಲಿ ಇಳಿದು, ಕಾಲೇಜಿಗೆ ಹೋಗಿಬರಲು ಕೋಣೆ ಬೇಕು, 'ಟು ಲೆಟ್' ಹಲಗೆ ಎಲ್ಲಿ ಕಾಣುತ್ತದೆ ಎಂದು ಒಬ್ಬ ಕಾಫಿ ಹೋಟೆಲಿನವನನ್ನು ಕನ್ನಡದಲ್ಲಿ ಕೇಳುತ್ತಿದ್ದೆ. ಬೆಂಚಿನಿಂದ ಒಂದು ಧ್ವನಿ ಬಂತು.

"ಹಲಗೆ ನೋಡಿ ಮನೆ ಹಿಡಿಯೋರು ಮುಟ್ಠಾಳರು ಸಾರ್. ಇಲ್ಲಿ ಬನ್ನಿ, ಕೂತ್ಕೊಳ್ಳಿ. ಕಾಲೇಜು ಎಷ್ಟು ಗಂಟೆಗೆ?"

ನನ್ನ ಕಥೆಯನ್ನು ಅವರು ನಡುವೆ ಬಾಯಿ ಹಾಕದೆ ಕೇಳಿದರು. ಈ ವಯಸ್ಸಿನಲ್ಲಿ ಓದೇಕೆ ಎಂದು ಕೇಳದ ಮೊದಲ ಮನುಷ್ಯ ಅವರು. ಆಮೇಲೆ ತಮ್ಮ ಸಿದ್ಧಾಂತ ವಿವರಿಸಿದರು. ಹಿಂದಿನ ಸ್ಟೇಷನ್ನಿನಿಂದ ರೈಲು ಹೊರಟ ಸುದ್ದಿ ಬಂದಾಗ ಮಾಂಬಲಂ ಗೇಟು ಹಾಕುತ್ತಾರೆ. ಗೇಟಿನ ಗಂಟೆಗೂ ರೈಲು ಬಂದು ನಿಲ್ಲುವುದಕ್ಕೂ ನಡುವೆ ನಾಲ್ಕು ನಿಮಿಷ, ಹೆಚ್ಚೆಂದರೆ ಐದು.

"ಗೇಟು ಬಿದ್ದ ಸದ್ದು ಕೇಳಿದ ಮೇಲೆ ಚಪ್ಪಲಿ ಹಾಕ್ಕೊಂಡ್ರೂ ರೈಲು ಸಿಗಬೇಕು. ಅದು ಮನೆ. ಮಿಕ್ಕಿದ್ದೆಲ್ಲಾ ನಾಲ್ಕು ಗೋಡೆ ಪಾ. ಮತ್ತೆ ಒಂದು ಮುಖ್ಯಂ: ಓಡಬಾರದು. ನಡೀಬೇಕು."

ಓಡಬಾರದು ಎನ್ನುವುದು ಅವರ ಜೀವನದ ಧರ್ಮ. ಗಾರ್ಡು ಓಡಿದರೆ ಪ್ಯಾಸೆಂಜರು ಹೆದರುತ್ತಾನೆ ಎಂದು ಯಾವನೋ ಹಳೆಯ ದೊರೆ ಹೇಳಿಕೊಟ್ಟಿದ್ದನಂತೆ. ಅಂದಿನಿಂದ ಅವರು ಮಳೆ ಬಂದರೂ ನಾಯಿ ಅಟ್ಟಿಸಿಕೊಂಡು ಬಂದರೂ ಓಡಿದವರಲ್ಲ. ವೆಸ್ಟ್ ಮಾಂಬಲಂ ನಾಯಿಗಳಿಗೂ ಇದು ಗೊತ್ತಾಗಿ ಅವರ ಗೋಜಿಗೆ ಹೋಗುತ್ತಿರಲಿಲ್ಲ.

ಮರುದಿನದಿಂದ ನಮ್ಮ ಬೇಟೆ ಶುರುವಾಯಿತು. ನಾಲ್ಕು ನಿಮಿಷದ ಒಳಗೆ ಸಿಕ್ಕ ಮನೆಗಳಿಗೆ ನಾನೇ ತೊಡಕಾದೆ. ಬ್ಯಾಚುಲರಿಗೆ ಯಾರೂ ಮನೆ ಕೊಡರು. ಸಂಸಾರಸ್ಥ ಎಂದರೆ ಸಂಸಾರ ಎಲ್ಲಿ ಎನ್ನುತ್ತಿದ್ದರು. ಸ್ಟೂಡೆಂಟು ಎಂದರೆ ಮುಖ ನೋಡಿ ನಗುತ್ತಿದ್ದರು. ಒಬ್ಬ ಅಜ್ಜಿ ಬಹಳ ಮರುಕದಿಂದ, ಎಷ್ಟು ಸಲ ಫೇಲಾಗಿದ್ದೀಯಪ್ಪ ಎಂದು ಕೇಳಿ, ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದರು. ಇನ್ನೊಬ್ಬ ಯಜಮಾನ ನನ್ನನ್ನು ಪೊಲೀಸಿನ ಗುಪ್ತಚರನೆಂದೇ ತಿಳಿದು, ತನ್ನ ಮನೆಯಲ್ಲಿ ರಾಜಕೀಯ ಮಾತಾಡುವವರು ಯಾರೂ ಇಲ್ಲವೆಂದು ತಾನಾಗಿ ಹೇಳಿದ. ಮೂರನೆಯವನ ಮಾತು ಮಾತ್ರ ನನಗೆ ಈಗಲೂ ನ್ಯಾಯವೆಂದೇ ತೋರುತ್ತದೆ. ಹುಡುಗರು ತಪ್ಪು ಮಾಡಿದರೆ ಅವರ ಅಪ್ಪನಿಗೆ ಕಾಗದ ಹಾಕಬಹುದು, ನಿಮ್ಮ ವಿಷಯ ನಾನು ಯಾರಿಗೆ ಬರೆಯಲಿ ಎಂದು ಅವನು ಕೇಳಿದ್ದ.

ಈ ಮಾತು ರಾಯರನ್ನು ಕೊರೆಯಿತು. ಎರಡು ದಿನ ಬೆಂಚಿನಲ್ಲಿ ಕೂತು ಯೋಚಿಸಿದರು.

ಹೀಗಿರುವಾಗ ವರದಾಚಾರಿಯವರ ಮನೆ ಸಿಕ್ಕಿತು. ಅವರು ಯಾವುದೋ ಕಂಪನಿಯಲ್ಲಿ ಹೆಡ್ ಗುಮಾಸ್ತೆ. ಹಣೆಯಲ್ಲಿ ಅಯ್ಯಂಗಾರರ ತೆಂಗಲೆ ನಾಮ, ಕೈಯಲ್ಲಿ ಸದಾ ಪಂಚಾಂಗ. ಬೀದಿಗೆ ತಿಣ್ಣೆ, ಅಂದರೆ ನಮ್ಮ ಜಗಲಿ, ತಿಣ್ಣೆಗೆ ಅಂಟಿಕೊಂಡು ಒಂದು ಕೋಣೆ, ಹಿಂದೆ ಒಲೆಗೆ ಜಾಗ. ಬಾಗಿಲಿನಿಂದ ಪ್ಲಾಟ್‌ಫಾರಮ್ಮಿಗೆ ಮೂರು ನಿಮಿಷ ಐವತ್ತು ಸೆಕೆಂಡು. ರಾಯರು ಎರಡು ಸಲ ನಡೆದು ನೋಡಿ ಬಂದರು. ವರದಾಚಾರಿಯವರದು ಒಂದೇ ಷರತ್ತು: ಒಳ್ಳೆಯ ವೇಳೆಯಲ್ಲಿ ಮನೆಯ ಹೆಂಗಸು ಬಂದು ಹಾಲು ಕಾಯಿಸಬೇಕು. ಹಾಲುಕ್ಕದ ಮನೆಯಲ್ಲಿ ಗಂಡಸೊಬ್ಬನೇ ಸೇರಿಕೊಳ್ಳುವುದು ಅವರಿಗೆ ಆಗದು. ನನ್ನ ಹೆಂಡತಿ ಕುಂದಾಪುರದಲ್ಲಿ, ಚಿಕ್ಕ ಮಗುವಿಗೆ ಸಿಡುಬಿನ ಲಸಿಕೆ ಹಾಕಿಸಿ ಜ್ವರ. ನಾನು ಕೈಚೆಲ್ಲಿ ಎದ್ದುನಿಂತೆ. ರಾಯರು ಕೂತಲ್ಲಿಂದ ಅಲುಗಲಿಲ್ಲ.

"ಶುಕ್ರವಾರ ನಮ್ಮ ಮನೆಯಾಕೆ ಬರ್ತಾಳೆ. ಹಾಲು ಅವಳು ಕಾಯಿಸ್ತಾಳೆ. ಇವರ ಮೇಲೆ ಏನು ಕಂಪ್ಲೇಂಟ್ ಇದ್ರೂ ನಂಗೆ ಹೇಳಿ," ಎಂದು ತಮಿಳಿನಲ್ಲಿ ಹೇಳಿ, ನನಗಾಗಿ ಅದನ್ನೇ ಕನ್ನಡದಲ್ಲೂ ಹೇಳಿದರು.

ವರದಾಚಾರಿಯವರ ಮುಖ ಅರಳಿತು. ತಂದೆ ರೈಲ್ವೆಯಲ್ಲಿದ್ದರೆಂದರೆ ಹುಡುಗ ಶಿಸ್ತಿನವನೇ ಇರಬೇಕು ಎಂದು ನನ್ನ ಬೆನ್ನು ತಟ್ಟಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ರಾಯರ ಕೊಡೆಯ ತುದಿ ನನ್ನ ಕಾಲಬೆರಳಿನ ಮೇಲೆ ಕೂತಿತು. ಬೀದಿಗೆ ಬಂದ ಮೇಲೆ, ಇದು ಸುಳ್ಳಲ್ಲವೇ ಎಂದೆ. ಅವರಿಗೆ ಸಿಟ್ಟು ಬಂತು.

"ನಾನು ಎಲ್ಲಿ ಸುಳ್ಳು ಹೇಳಿದೆ? ಅವ್ರು ಕೇಳಲಿಲ್ಲ, ನಾನು ಹೇಳಲಿಲ್ಲ. ಮೂವತ್ತಮೂರು ವರ್ಷದಲ್ಲಿ ರೈಲಿನ ಹೊತ್ತು ಬರೆಯೋ ನನ್ನ ಜರ್ನಲ್ಲಲ್ಲಿ ಒಂದು ತಪ್ಪು ಎಂಟ್ರಿ ಇಲ್ಲ ಸಾರ್, ತಿಳ್ಕೊಳ್ಳಿ."

ಶುಕ್ರವಾರ ರಾಯರ ಹೆಂಡತಿ ಸುಂದರಮ್ಮ ಹಿತ್ತಾಳೆಯ ಪಾತ್ರೆ, ಹೂವು, ಅರಿಸಿನ ಕುಂಕುಮದೊಂದಿಗೆ ಬಂದರು. ರಾಯರು ಗಡಿಯಾರದಂತೆ ಹೊರಡಿಸಿಕೊಂಡು ಬಂದಿದ್ದರು. ಆದರೆ ವರದಾಚಾರಿಯವರ ಪಂಚಾಂಗದ ಪ್ರಕಾರ ರಾಹುಕಾಲ ಮುಗಿಯಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಒಂದು ನಿಮಿಷ ತಡವಾದ ರೈಲಿಗೆ ಮುಖ ತಿರುಗಿಸುವ ಮನುಷ್ಯ ಇಪ್ಪತ್ತು ನಿಮಿಷ ತಿಣ್ಣೆಯ ಮೇಲೆ ಕೂತು, ಗಳಿಗೆಗೊಮ್ಮೆ ಗಡಿಯಾರ ತೆಗೆದು ಒಳಗಿಡುತ್ತ ಪಟ್ಟ ಪಾಡನ್ನು ನೋಡಲಾಗುತ್ತಿರಲಿಲ್ಲ. ಕೊನೆಗೆ ಹಾಲುಕ್ಕಿತು. ಸುಂದರಮ್ಮ ಮೊದಲ ಲೋಟ ನನಗೇ ಕೊಟ್ಟು, "ತೊಗೊಳ್ಳಿ ಮೇಷ್ಟ್ರೇ, ನೀವು ಚೆನ್ನಾಗಿ ಓದಿ ಪಾಸಾಗಿ," ಎಂದರು. ವರದಾಚಾರಿಯವರ ಮನೆಯಾಕೆಗೆ ಕಣ್ಣು ತುಂಬಿತು.

ಗಾರ್ಡ್ ರಾಯರಿಗೆ ಮಕ್ಕಳಿರಲಿಲ್ಲ. ಇದನ್ನು ನಾನು ಆಮೇಲೆ ತಿಳಿದೆ, ಅದೂ ಬೇರೆಯವರಿಂದ.

ಹಾಲು ಕಾಯಿಸಿದ ಮೇಲೆ ವಿಷಯ ಮುಗಿಯಿತೆಂದು ನಾವು ತಿಳಿದಿದ್ದೆವು. ವರದಾಚಾರಿಯವರ ಮನೆಯಲ್ಲಿ ಹಾಗೆ ತಿಳಿದಿರಲಿಲ್ಲ. ಮುಂದಿನ ಶುಕ್ರವಾರ ಅಮ್ಮ ಏಕೆ ಬರಲಿಲ್ಲ ಎಂದು ಕೇಳಿದರು. ಅದರ ಮುಂದಿನ ವಾರ ಸುಂದರಮ್ಮ ಬಂದು ಬಾಗಿಲಿಗೆ ರಂಗೋಲಿ ಹಾಕಿದರು. ಬಂದವರು ಬರಿಗೈಲಿ ಏಕೆಂದು ಹುಳಿ ಮಾಡಿಟ್ಟರು. ಹೆಂಡತಿ ಇಲ್ಲಿ ಹುಳಿ ಮಾಡಿದರೆ ಮನೆಯಲ್ಲಿ ಊಟವಿಲ್ಲವಾದ್ದರಿಂದ ರಾಯರೂ ಬಂದರು. ಹೀಗೆ ಎರಡು ವರ್ಷ ಪ್ರತಿ ಶುಕ್ರವಾರ ನನ್ನ ಕೋಣೆಯಲ್ಲಿ ಮೂವರ ಊಟ ನಡೆಯಿತು. ಊಟವಾದ ಮೇಲೆ ರಾಯರು ತಿಣ್ಣೆಯ ಮೇಲೆ ಎಲೆಯಡಿಕೆ ಹಾಕಿಕೊಂಡು, ಈ ವಾರ ಏನು ಪಾಠವಾಯಿತು ಹೇಳಿ ಎನ್ನುತ್ತಿದ್ದರು. ನಾನು ಕಾಂಟ್ರಾಕ್ಟು, ಟಾರ್ಟು ಎಂದು ವಿವರಿಸುತ್ತಿದ್ದೆ. ಯಾವ ಮೊಕದ್ದಮೆ ಹೇಳಿದರೂ, ಆ ಹೊತ್ತಿಗೆ ಡ್ಯೂಟಿಯಲ್ಲಿದ್ದವನು ಯಾರು ಎನ್ನುವುದು ಅವರ ಮೊದಲ ಪ್ರಶ್ನೆ. ಅವನನ್ನು ಹಿಡಿದರೆ ಸಾಕು, ಇಷ್ಟು ದಪ್ಪ ಪುಸ್ತಕ ಏಕೆ ಎನ್ನುತ್ತಿದ್ದರು. ವಕೀಲಿಯಲ್ಲಿ ಇಷ್ಟು ವರ್ಷ ಕಳೆದ ಮೇಲೆ ನನಗೂ ಆ ಪ್ರಶ್ನೆ ಅಷ್ಟೇನೂ ದಡ್ಡತನದ್ದಲ್ಲ ಎನಿಸುತ್ತದೆ.

ಅವರ ಮೇಲೆ ನಾನು ಒಮ್ಮೆ ವಿಪರೀತ ಸಿಟ್ಟಾಗಿದ್ದೆ. ಮೊದಲ ವರ್ಷದ ಕೊನೆಯ ತಿಂಗಳು. ಲೆಕ್ಕ ಹಾಕಿದರೆ ಇನ್ನು ಎರಡು ದಿನ ಮಾತ್ರ ತಪ್ಪಿಸಬಹುದಿತ್ತು. ಹಿಂದಿನ ರಾತ್ರಿ ವೆಸ್ಟ್ ಮಾಂಬಲಂ ಸೊಳ್ಳೆಗಳು ನಿದ್ದೆ ಕೊಡದೆ, ಬೆಳಗಿನ ಜಾವ ಹತ್ತಿದ ನಿದ್ದೆ ಗೇಟಿನ ಗಂಟೆಗೂ ಬಿಡಲಿಲ್ಲ. ಎಚ್ಚರವಾದಾಗ ರೈಲಿನ ಸದ್ದೇ ಕೇಳುತ್ತಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಒಂದು ಚಪ್ಪಲಿ ದಾರಿಯಲ್ಲಿ ಬಿಟ್ಟು, ರಾಯರ ಧರ್ಮವನ್ನೆಲ್ಲ ಮುರಿದು ಓಡಿದೆ. ರೈಲು ನಿಂತಿತ್ತು. ಆ ರೈಲಿನ ಗಾರ್ಡು ನಮ್ಮ ರಾಯರ ಶಿಷ್ಯ. ಬೆಂಚಿನ ಎದುರಿಗೇ ಅವನ ಬೋಗಿ. ರಾಯರು ಒಂದು ಬೆರಳು ಎತ್ತಿದ್ದರೆ ಹತ್ತು ಸೆಕೆಂಡು ನಿಲ್ಲಿಸುತ್ತಿದ್ದ. ಮೆಟ್ಟಿಲ ಮೇಲೆ ನಾನು ಬರುತ್ತಿರುವುದನ್ನು ರಾಯರು ನೋಡಿದರು. ಗಡಿಯಾರ ನೋಡಿದರು. ಬೆರಳು ಎತ್ತಲಿಲ್ಲ. ರೈಲು ಹೋಯಿತು.

ಏದುಸಿರು ಬಿಡುತ್ತ ನಾನು ಅವರ ಮುಂದೆ ನಿಂತು ಬಾಯಿಗೆ ಬಂದದ್ದು ಹೇಳಿದೆ. ಎಲ್ಲ ಕೇಳಿ ಅವರು ಅಂದದ್ದು ಇಷ್ಟೇ:

"ನಿಮ್ಮ ಒಬ್ಬರ ಹಾಜರಿಗೆ ಆ ರೈಲಲ್ಲಿ ಇರೋರದ್ದೆಲ್ಲಾ ತಪ್ಪಿಸಬೇಕಾ ಮೇಷ್ಟ್ರೇ? ಹೋಗಿ, ಚಪ್ಪಲಿ ಹುಡುಕ್ಕೊಂಡು ಬನ್ನಿ."

ಮರುದಿನ ಬೆಳಿಗ್ಗೆ ಗೇಟು ಬೀಳುವುದಕ್ಕೆ ಅರ್ಧ ಗಂಟೆ ಮೊದಲು ನನ್ನ ಬಾಗಿಲ ಮೇಲೆ ಕೊಡೆಯ ಹಿಡಿಯಿಂದ ಮೂರು ಪೆಟ್ಟು ಬಿತ್ತು. ಆಮೇಲೆ ನಾನು ಮದರಾಸು ಬಿಡುವವರೆಗೆ ಒಂದು ದಿನವೂ ಆ ಮೂರು ಪೆಟ್ಟು ತಪ್ಪಲಿಲ್ಲ. ಪರೀಕ್ಷೆಗೆ ಕೂರಲು ಬೇಕಾದ ಹಾಜರಿಗಿಂತ ನನ್ನದು ಒಂದೇ ಒಂದು ದಿನ ಹೆಚ್ಚಿತ್ತು. ನಾನು ಪಾಸಾದೆ. ಪಾಸು ಮಾಡಿಸಿದ್ದು ಓದೋ ಕೊಡೆಯೋ ಎಂದು ಈಗಲೂ ಅನುಮಾನ.

ಮನೆ ಖಾಲಿ ಮಾಡುವ ದಿನ ನನ್ನ ಮನಸ್ಸು ತಡೆಯದೆ ವರದಾಚಾರಿಯವರಿಗೆ ನಿಜ ಹೇಳಿದೆ. ಅವರು ನಕ್ಕುಬಿಟ್ಟರು. ಯಾವ ತಾಯಿ ಮಗನನ್ನು ಮೇಷ್ಟ್ರೇ, ನೀವು ಎನ್ನುತ್ತಾಳೆ, ಹಾಲುಕ್ಕಿದ ದಿನವೇ ಗೊತ್ತಾಯಿತು ಎಂದರು. ಮತ್ತೆ ಮನೆ ಏಕೆ ಕೊಟ್ಟಿರಿ ಎಂದರೆ, ಹಾಲು ಉಕ್ಕಿತ್ತಲ್ಲ ಎಂದು ಪಂಚಾಂಗ ಮಡಚಿದರು.

ಅದಾಗಿ ಹತ್ತು ವರ್ಷದಲ್ಲಿ ನಾನು ಕುಂದಾಪುರದಲ್ಲಿ ತಕ್ಕಮಟ್ಟಿಗೆ ವಕೀಲನಾದೆ. ಸುಂದರಮ್ಮ ತೀರಿಕೊಂಡ ಸುದ್ದಿ ರಾಯರ ಕಾಗದದಲ್ಲೇ ಬಂತು, ಎರಡೇ ಸಾಲು. ಆಮೇಲೆ ಇನ್ನೊಂದು ಕಾಗದ. ಅವರಿದ್ದ ಮನೆಯನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುತ್ತಿದ್ದರು, ತೆರವು ಮಾಡಬೇಕಂತೆ. ಮನೆ ಹುಡುಕುತ್ತಿದ್ದೇನೆ, ಕೇಸು ಗೀಸು ಬೇಡ ಎಂದು ಕೆಳಗೆ ಗೆರೆ ಎಳೆದಿದ್ದರು. ಕೋರ್ಟಿನ ರಜೆಯಲ್ಲಿ ನಾನು ಹೊರಟು ಹೋದೆ.

ಎಪ್ಪತ್ತರ ಮುದುಕ ಒಂಟಿಯಾಗಿ ಮನೆ ಕೇಳಿಕೊಂಡು ಹೋದರೆ ಏನಾಗುತ್ತದೆ ಎಂದು ನಾನು ಆ ಮೂರು ದಿನ ನೋಡಿದೆ. ಬಾಡಿಗೆ, ನೀರು, ಗಾಳಿ ಯಾವ ಮಾತೂ ಇಲ್ಲ. ಎಲ್ಲರದೂ ಒಂದೇ ಪ್ರಶ್ನೆ: ಏನಾದರೂ ಆದರೆ ಯಾರಿಗೆ ಬರೆಯಬೇಕು? ನನಗೆ ಹಿಂದೆ ಕೇಳಿದ ಪ್ರಶ್ನೆಯೇ. ಆ ಪ್ರಶ್ನೆ ಬಂದ ಕೂಡಲೇ ರಾಯರು ಗಡಿಯಾರ ತೆಗೆದು ಬೀದಿಗಿಳಿಯುತ್ತಿದ್ದರು. ಅಲ್ಲೂ ಕಷ್ಟ. ಕಾಲು ಮೊದಲಿನಂತಿರಲಿಲ್ಲ. ಕಣ್ಣಿಗೆ ಪೊರೆ ಬಂದು ಮುಳ್ಳು ಸರಿಯಾಗಿ ಕಾಣುತ್ತಿರಲಿಲ್ಲ. ಆದರೂ ನಾಲ್ಕು ನಿಮಿಷದ ಒಳಗಿನ ಮನೆಯೇ ಆಗಬೇಕು. ಅವರಿಗೆ ಈಗ ಯಾವ ರೈಲು ಹಿಡಿಯಬೇಕಿತ್ತು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಬೆಂಚು ಇತ್ತಲ್ಲ.

ಮೂರನೆಯ ದಿನ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಸಿಕ್ಕಿತು. ಅಲ್ಲಿಂದ ಹೊರಡುವಾಗ ಮೊದಲ ಸಲ ಅವರು ಗಡಿಯಾರವನ್ನು ನನ್ನ ಕೈಗೆ ಕೊಟ್ಟರು. ನಾವು ನಡೆದೆವು. ಎರಡು ಕಡೆ ನಿಂತೆವು. ಬೆಂಚಿಗೆ ಬಂದು ಕೂತಾಗ ಏಳೂವರೆ ನಿಮಿಷವಾಗಿತ್ತು.

"ಎಷ್ಟು?"

"ನಾಲ್ಕು," ಎಂದೆ.

ಅವರು ಗಡಿಯಾರ ಇಸಿದುಕೊಂಡು ಕಿವಿಗೆ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು. ಆಮೇಲೆ ಜೇಬಿಗೆ ಹಾಕಿಕೊಂಡು, "ಶರಿ. ನಾಲ್ಕು," ಎಂದರು.

ಮತ್ತೆ ಆ ಮನೆಗೆ ಹೋದೆವು. ಯಜಮಾನ ಮೆದು ಮಾತಿನ ಮನುಷ್ಯ, ನಡುವಯಸ್ಸು. ಅವನೂ ಅದನ್ನೇ ಕೇಳಿದ. ನಾನು ನನ್ನ ವಿಳಾಸದ ಕಾರ್ಡು ಕೊಟ್ಟು, ನನಗೆ ಬರೆಯಿರಿ ಎಂದೆ. ಅವನು ಕಾರ್ಡು ಓದಿ, ರಾಯರ ಕಡೆ ತಿರುಗಿ ನೇರವಾಗಿ ಕೇಳಿದ: ಇವರು ನಿಮ್ಮ ಮಗನೇ?

ಈಗ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಅವನು ಕೇಳಿದ್ದ. ನಾನು ಕಾಲಬೆರಳು ಹಿಂದೆಳೆದುಕೊಂಡೆ, ಕೊಡೆ ಬರಲಿಲ್ಲ. ರಾಯರು ಕೋಟಿನ ಗುಂಡಿ ಹಾಕಿಕೊಂಡರು.

"ಹೌದು. ದೊಡ್ಡೋನು," ಎಂದರು.

ಸಂಜೆ ಬೆಂಚಿನಲ್ಲಿ ಕೂತಾಗ ನಾನು ಸುಮ್ಮನಿರಲಾರದೆ, ದೊಡ್ಡವನು ಎಂದಿರಲ್ಲ, ಚಿಕ್ಕವನು ಯಾರು ಎಂದೆ. ಅಷ್ಟರಲ್ಲಿ ಒಂದು ರೈಲು ಬಂದು ಹೋಯಿತು. ಅದು ಸಮಯಕ್ಕೆ ಬಂದಿತ್ತೋ ಇಲ್ಲವೋ, ರಾಯರು ತಲೆಯನ್ನೂ ಆಡಿಸಲಿಲ್ಲ.

"ಒಬ್ಬನೇ ಮಗ ಅಂದಿದ್ರೆ, ಅಪ್ಪನ್ನ ಯಾಕೆ ಜೊತೆಗೆ ಇಟ್ಕೊಂಡಿಲ್ಲ ಅಂತ ನಿನ್ನನ್ನ ಬೈತಿದ್ದ ಪಾ. ಇಬ್ರು ಅಂದ್ರೆ, ಒಬ್ಬನ ಮೇಲೆ ಒಬ್ಬ ಹಾಕ್ಕೊಂಡಿದ್ದಾರೆ ಅಂತ ಬಿಟ್ಬಿಡ್ತಾನೆ."

ಅದುವರೆಗೆ ಅವರು ನನ್ನನ್ನು ನೀನು ಎಂದವರಲ್ಲ. ಅಂದಮೇಲೆ ಅದನ್ನು ತಿದ್ದಿಕೊಳ್ಳಲೂ ಇಲ್ಲ. ಮರುದಿನ ಹಾಲು ಕಾಯಿಸಲು ಯಾರೂ ಇರಲಿಲ್ಲವಾದ್ದರಿಂದ ನಾನೇ ಕಾಯಿಸಿದೆ. ತಳ ಹಿಡಿಯಿತು, ಆದರೆ ಉಕ್ಕಿತು. ರಾತ್ರಿಯ ಮೇಲ್ ಹಿಡಿಯಲು ನಾನು ಹೊರಟಾಗ ಅವರು ಮಾಂಬಲಂ ಪ್ಲಾಟ್‌ಫಾರಮ್ಮಿನವರೆಗೆ ಬಂದು, ನಾನು ಹತ್ತಿದ ಎಲೆಕ್ಟ್ರಿಕ್ ರೈಲು ಹೊರಡುವಾಗ ಹಳೆಯ ಅಭ್ಯಾಸದಂತೆ ಕೈಯೆತ್ತಿ ನಿಂತಿದ್ದರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಹಾಗೆ.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಕುಂದಾಪುರಕ್ಕೆ ತಂತಿ ಬಂತು. ಕಳಿಸಿದವನು ಆ ಮನೆಯ ಯಜಮಾನ. ತಂದೆ ತೀರಿಕೊಂಡರು, ಹೊರಟು ಬನ್ನಿ, ತಮ್ಮನಿಗೂ ತಿಳಿಸಿ ಎಂದಿತ್ತು.

ನನ್ನ ಹೆಂಡತಿ ಎರಡು ಸಲ ಓದಿಸಿಕೊಂಡಳು. ಯಾರು ತೀರಿಕೊಂಡದ್ದೆಂದು ಅವಳಿಗೆ ತಿಳಿಯಿತು. ಕಣ್ಣೊರೆಸಿಕೊಂಡು, "ಅಲ್ಲ, ನಿಮ್ಗೆ ತಮ್ಮ ಯಾರ್ ಮಾರಾಯ್ರೆ?" ಎಂದು ಕೇಳಿದಳು.

ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಮೂವತ್ತಮೂರು ವರ್ಷ ಒಂದೂ ತಪ್ಪು ಬರೆಯದ ಮನುಷ್ಯ ಕೊನೆಗೆ ಬರೆಸಿದ ಎಂಟ್ರಿಯನ್ನು ಸುಳ್ಳು ಮಾಡಲು ನನಗೆ ಮನಸ್ಸಾಗಲಿಲ್ಲ. ಚಪ್ಪಲಿ ಹಾಕಿಕೊಂಡು, ಓಡದೆ, ಪೋಸ್ಟಾಫೀಸಿನವರೆಗೆ ನಡೆದು ಹೋಗಿ ಮರುತಂತಿ ಕೊಟ್ಟೆ. ಹೊರಟಿದ್ದೇನೆ, ತಮ್ಮನಿಗೆ ತಿಳಿಸಿದ್ದೇನೆ ಎಂದು ಬರೆದೆ.